ಮಡುವಿನ ಕುದುರೆಗೊಂದು ಕಂದೂರಿ

ಮೂಡಲಗಿಯ ಪೇಟೆಯಲ್ಲಿ ಹಗ್ಗ, ಮೂಗುದಾರ, ತಾಡಪತ್ರಿ ಮಾರುವ ದಸ್ತಗೀರನನ್ನು ಜಾಣ ವ್ಯಾಪಾರಿ ಎನ್ನಲು ಬಾಯಿ ಬರುವುದಿಲ್ಲ. ಗಿರಾಕಿ ಹಗ್ಗವನ್ನು ಜಗ್ಗಿ ನೋಡಿ, ಗಟ್ಟಿಯಿದೆ ಎಂದು ತಾನೇ ಒಪ್ಪಿಕೊಂಡ ಮೇಲೂ, "ಬಿಸಲಾಗ ಇಟ್ರ ಬಾಳ ದಿನ ಬರೂದಿಲ್ರಿ ಮತ್ತ" ಎಂದು ಸೇರಿಸುವ ಮನುಷ್ಯ. ಅಂಥವನು ಒಂದು ಸರಕನ್ನು ಮಾತ್ರ, ಕೊಳ್ಳುವವರು ಒಬ್ಬರೂ ಇಲ್ಲದಿದ್ದರೂ, ಆಯುಷ್ಯವಿಡೀ ಹೊತ್ತು ತಿರುಗಿದ. ಘಟಪ್ರಭೆಯ ಕರಿಮಡುವಿನಲ್ಲಿ ಕುದುರೆಯ ಕುತ್ತಿಗೆ, ಮೀನಿನ ಮೈ ಇರುವ ಪ್ರಾಣಿಯೊಂದು ಇದೆ, ಅದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂಬ ಮಾತು ಅದು.

ಮಡುವಿನ ಕುದುರೆಯ ಹೆಸರು ಆ ದಂಡೆಯವರಿಗೆ ಹೊಸದಲ್ಲ. ಮಕ್ಕಳು ಆಳಕ್ಕೆ ಇಳಿಯದಿರಲೆಂದು ಅಜ್ಜಿಯರು ಸಾಕಿಕೊಂಡು ಬಂದ ಪ್ರಾಣಿ ಅದು. ಹುಲ್ಲು ಬೇಡ, ಹಿಂಡಿ ಬೇಡ, ಕಾವಲು ಮಾತ್ರ ಚೆನ್ನಾಗಿ ಕಾಯುತ್ತಿತ್ತು. ದಸ್ತಗೀರನಿಗೆ ಮಾತ್ರ ಅದು ಅಜ್ಜಿಕತೆಯಾಗಿ ಉಳಿಯಲಿಲ್ಲ.

ವರ್ಷಗಳ ಹಿಂದೆ ಅಂಗಡಿ ಅವನದೂ ಗೆಳೆಯ ಗುಡ್ಡಪ್ಪನದೂ ಕೂಡಿ ಇತ್ತು. ಒಂದು ಸಂಜೆ ಇಬ್ಬರೂ ಆಚೆ ದಂಡೆಯ ಅಂಗಡಿಗೆ ಹಗ್ಗದ ಸಿಂಬಿಗಳನ್ನು ಮುಟ್ಟಿಸಲು ಹರಗೋಲಿನಲ್ಲಿ ಹೊರಟರು. ಕರಿಮಡುವಿನ ನಡುವೆ ಹರಗೋಲು ಮಗುಚಿತು. ದಸ್ತಗೀರ ಒಂದು ಸಿಂಬಿ ಹಿಡಿದು ದಂಡೆಗೆ ಬಂದ. ಗುಡ್ಡಪ್ಪನ ಹೆಣ ಮರುದಿನ ಕೆಳಗಿನ ಊರಿನ ಹತ್ತಿರ ಸಿಕ್ಕಿತು. "ತೆಳಗಿಂದ ಏನೋ ಎದ್ದು ಹರಗೋಲ ಎತ್ತಿ ಒಗೀತ್ರಿ, ಕುದರಿ ಕುತಿಗಿ ನಾ ನೋಡೇನಿ" ಎಂದು ದಸ್ತಗೀರ ಪೊಲೀಸರಿಗೆ ಹೇಳಿದ, ಊರಿಗೆ ಹೇಳಿದ. ಇಬ್ಬರ ಅಂಗಡಿ ಒಬ್ಬನದಾದ ಮೇಲೆ ಊರು ಕುದುರೆಯನ್ನು ನಂಬುವುದು ಕಷ್ಟ. ಸರಕು ಜಾಸ್ತಿ ಹೇರಿದ್ದರು ಎಂದರು ಒಳ್ಳೆಯವರು. ಉಳಿದವರು ಅಂದದ್ದನ್ನು ಅವನ ಹೆಂಡತಿ ಹಜರತಬಿ ಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ.

ಗುಡ್ಡಪ್ಪನ ಹೆಂಡತಿ ಪದ್ಮವ್ವ ಏನೂ ಅನ್ನಲಿಲ್ಲ. ಬೈದಿದ್ದರೆ ದಸ್ತಗೀರ ಬದುಕಿಕೊಳ್ಳುತ್ತಿದ್ದ. ಅವಳು ಗೋಕಾಕಿಗೆ ಹೋಗಿ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕು ಕಟ್ಟಿಕೊಂಡಳು. ದಸ್ತಗೀರ ಹಬ್ಬಕ್ಕೊಮ್ಮೆ ಜೋಳದ ಚೀಲ ಹೊತ್ತು ಹೋದರೆ, ಮೊದಲು "ದಸ್ತಗೀರಣ್ಣಾ" ಎನ್ನುತ್ತಿದ್ದವಳು ಈಗ ಗೋಡೆಯ ಕಡೆ ನೋಡಿ "ಚಾ ಕುಡೀರಿ" ಎನ್ನುವಳು. ಆ ದಿನ ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಅವಳು ಕೇಳಬೇಕು, ತಾನು ಹೇಳಬೇಕು, "ಖರೆ ಐತಿ ಅಣ್ಣಾ" ಎಂದು ಅವಳು ಅನ್ನಬೇಕು. ದಸ್ತಗೀರನಿಗೆ ಬೇಕಾಗಿದ್ದದ್ದು ಅಷ್ಟೇ. ಊರು ನಂಬಿದರೂ ಬಿಟ್ಟರೂ ಅವನಿಗೆ ನಡೆಯುತ್ತಿತ್ತು.

ಮೊಬೈಲು ಬಂದ ಮೇಲೆ ಕುದುರೆಗೂ ಒಳ್ಳೆಯ ದಿನ ಬಂದವು. ಮೂಡಲಗಿಯ ಮೊಬೈಲ್ ಅಂಗಡಿಯ ಸಾಗರ 'ಮಡುಗುದುರೆ ಬಳಗ' ಎಂದು ವಾಟ್ಸಾಪ್ ಗುಂಪು ತೆರೆದ. ಹುಕ್ಕೇರಿಯ ನಿವೃತ್ತ ಕಂಡಕ್ಟರ್ ಲಕ್ಕಪ್ಪ ಅದಕ್ಕೆ ಅಧ್ಯಕ್ಷನಾದ. ನೀರಿನ ಮೇಲೆ ತೇಲುವ ಬಾಳೆದಿಂಡಿನಿಂದ ಹಿಡಿದು ಈಜುವ ಎಮ್ಮೆಯ ತಲೆಯವರೆಗೆ ಎಲ್ಲದರ ಫೋಟೋ ಬಂದವು. ಒಂದೊಂದಕ್ಕೂ ನೂರು ಕೈಮುಗಿದ ಚಿತ್ರ. ಕಂಡವನು ತಾನೊಬ್ಬನೇ ಆಗಿದ್ದರಿಂದ ದಸ್ತಗೀರ ಬಳಗದ ಹಿರಿಯನಾದ. ಆದರೆ ಆ ಫೋಟೋಗಳಲ್ಲಿ ಒಂದನ್ನೂ ಅವನು ಪದ್ಮವ್ವನಿಗೆ ತೋರಿಸಲಿಲ್ಲ. ಕಳಪೆ ಮಾಲು ಯಾವುದೆಂದು ಅವನಿಗೆ ಗೊತ್ತಾಗುತ್ತಿತ್ತು.

ಆಗ ದೀಪಾ ಬಂದಳು. ಕಣಗಲಾ ಊರಿನ ಹುಡುಗಿ, ಎಲ್ಲೋ ದೂರದ ಸಂಸ್ಥೆಯಲ್ಲಿ ನದಿಯ ಜೀವಿಗಳ ಬಗ್ಗೆ ಸಂಶೋಧನೆ ಮಾಡುವವಳು. ಘಟಪ್ರಭೆಯ ಮಡುಗಳಲ್ಲಿ ಏನೇನು ಬದುಕಿದೆ ಎಂದು ನೋಡುವ ಕೆಲಸ ಅವಳದು.

"ನೀರಾಗ ಇರೂ ಪ್ರಾಣಿ ಮೈಯಿಂದ ತೊಗಲು, ಉಗುಳು, ಏನಾರ ಉದುರತಿರತೈತ್ರಿ. ನೀರು ಸೋಸಿ ನೋಡಿದ್ರ ಯಾರ್ಯಾರು ಅದಾರಂತ ಗೊತ್ತಾಗತೈತಿ" ಎಂದು ಅವಳು ಬಳಗಕ್ಕೆ ತಿಳಿಸಿ ಹೇಳಿದಳು.

"ಹಂಗಾದ್ರ ನಮ್ಮ ಬಸ್‌ಸ್ಟ್ಯಾಂಡಿನ ಚಾನೂ ಒಮ್ಮೆ ಸೋಸಿ ನೋಡ್ರೆವ್ವಾ" ಎಂದ ಲಕ್ಕಪ್ಪ.

ದಸ್ತಗೀರ ನಗಲಿಲ್ಲ. "ಕುದರಿ ಇದ್ರ ಸಿಗತೈತೇನ್ರಿ?"

"ಕುದುರಿ ಹುಡುಕಾಕ ನಾ ಬಂದಿಲ್ರಿ ಕಾಕಾ. ಆದ್ರ ಮಡುವಿನ್ಯಾಗ ಗೊತ್ತಿಲ್ಲದ್ದು ಏನರ ದೊಡ್ಡದು ಇದ್ರ, ಬರತೈತಿ."

ಒಂದೇ ಷರತ್ತು ಹಾಕಿದಳು. ನೀರಿನ ಮಾದರಿ ತೆಗೆಯುವ ತನಕ ಒಂದು ವಾರ ಮಡುವಿನಲ್ಲಿ ಯಾರೂ ಇಳಿಯಬಾರದು, ಎಮ್ಮೆ ತೊಳೆಯಬಾರದು, ಬಟ್ಟೆ ಒಗೆಯಬಾರದು. ಬಳಗದವರು ಪಾಳಿ ಹಚ್ಚಿ ಕಾಯ್ದರು. ಲಕ್ಕಪ್ಪ ಕೋಲು ಹಿಡಿದು ಕೂತು, ನಾಲ್ಕು ದಶಕ ಬಸ್ಸಿನಲ್ಲಿ ಜನರನ್ನು ಒಳಗೆ ತುರುಕಿದ ಕೈಯಿಂದ ಎಮ್ಮೆಗಳನ್ನು ಹೊರಗೆ ಅಟ್ಟಿದ.

ದೀಪಾ ನೀರು ತುಂಬಿಕೊಳ್ಳಲು ಬರುವ ಹಿಂದಿನ ದಿನ ದಸ್ತಗೀರ ಒಂದು ಹರಕೆ ತೀರಿಸಿದ. ಮಡುವಿನ ಮೇಲ್ಗಡೆ ದಂಡೆಯ ಮೇಲೆ ಸಣ್ಣ ದರ್ಗಾ ಇದೆ. ಬೇಡಿಕೊಂಡವರು ಅಲ್ಲಿ ಆಡು ಕೊಯ್ದು, ಫಾತೆಹಾ ಓದಿಸಿ, ಬಂದವರಿಗೆಲ್ಲ ಊಟ ಹಾಕುವ ಕಂದೂರಿ ಮಾಡುತ್ತಾರೆ. ಯಾವ ಜಾತಿ, ಯಾವ ಊರು ಎಂದು ಕೇಳಿ ಕೂರಿಸುವ ಪಂಕ್ತಿ ಅದಲ್ಲ. ನೀರು ಖರೆ ಹೇಳಲಿ ಎಂದು ದಸ್ತಗೀರ ಎರಡು ಆಡು ಕೊಟ್ಟ. ಹಜರತಬಿ ಮಸಾಲೆ ಅರೆದಳು. ಬಳಗದವರು ಹೊಳೆಗೆ ಕಾಲು ಇಡದೆ, ದಂಡೆಯ ಕಲ್ಲಿನ ಮೇಲೆ ಕೂತೇ ಮಾಂಸ ತೊಳೆದರು, ಕರುಳು ತೊಳೆದರು, ಉಂಡ ಮೇಲೆ ಹಂಡೆಗಳನ್ನೂ ತಿಕ್ಕಿದರು. ಇಳಿಯಬಾರದು ಎಂದಿದ್ದರು, ಯಾರೂ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ದೀಪಾ ಕೇಳಿದಳು. "ನೀರಿಗೆ ಯಾರೂ ಇಳದಿಲ್ಲಲ್ರಿ?"

"ಪೀರನ ಆಣಿ, ಒಬ್ಬರೂ ಇಳದಿಲ್ಲ" ಎಂದ ದಸ್ತಗೀರ. ಆಣೆ ಸುಳ್ಳಾಗಿರಲಿಲ್ಲ. ಅವಳು ಬಾಟಲಿಗಳನ್ನು ತುಂಬಿಕೊಂಡು ಹೋದಳು.

ಮಳೆಗಾಲ ಬಂತು, ಹೋಯಿತು. ಗುಂಪಿನಲ್ಲಿ ದಿನಾ ಒಬ್ಬರಾದರೂ "ರಿಪೋರ್ಟ್ ಬಂತೇನ್ರಿ?" ಎಂದು ಕೇಳುವರು. ದಸ್ತಗೀರ ಕೇಳುತ್ತಿರಲಿಲ್ಲ. ಗೋಕಾಕಿಗೆ ಹೋದಾಗ ಮಾತ್ರ ಪದ್ಮವ್ವನ ಒಲೆಯ ಮುಂದೆ ನಿಂತು, "ಇಜ್ಞಾನದವರು ನೋಡಾಕತ್ತಾರ. ಅವರು ಹೇಳ್ಲಿ, ಆಮ್ಯಾಲೆ ನೀ ನಂಬು" ಎಂದ. ಅವಳು ರೊಟ್ಟಿ ಮಗುಚಿದಳು. ಆದರೆ ಅವನು ಹೊರಡುವಾಗ ಮೊದಲ ಸಲ ಬಾಗಿಲ ತನಕ ಬಂದಳು. ಆ ಒಂದು ಸಂಗತಿಯ ಮೇಲೆ ಅವನು ದೀಪಾವಳಿಯವರೆಗೆ ಬದುಕಿದ.

ದೀಪಾ ತಾನೇ ಬಂದು ಅಂಗಡಿಯಲ್ಲಿ ಕೂತು ಹೇಳಿದಳು. ಬೇರೆ ಮಡುಗಳ ನೀರಿನಲ್ಲಿ ಬಾಳೆಮೀನು, ಹಾವುಮೀನು, ಆಮೆ, ನೀರುನಾಯಿ ಎಲ್ಲ ಕಂಡಿವೆ. ಕರಿಮಡುವಿನ ಬಾಟಲಿಗಳಲ್ಲಿ ಕಂಡದ್ದು ಆಡು.

"ಆಡು?" ಎಂದ ಸಾಗರ.

"ಹೌದ್ರಿ, ಆಡು. ಎಷ್ಟಂದ್ರ, ಉಳದದ್ದು ಏನೂ ಕಾಣವಲ್ದು. ನೀವು ಅಲ್ಲಿ ಏನರ ತೊಳದ್ರೇನ್ರಿ?"

ದಸ್ತಗೀರ ನೈಲಾನ್ ಹಗ್ಗದ ತುದಿಯನ್ನು ಬಿಚ್ಚುತ್ತ, ಮತ್ತೆ ಹೊಸೆಯುತ್ತ ಕೂತ.

"ಇನ್ನೊಮ್ಮೆ ತಗೀಬಹುದಲ್ಲವ್ವಾ?"

"ಇಲ್ರಿ ಕಾಕಾ. ಕೆಲಸ ಮುಗೀತು. ಮತ್ತ ಯಾರೂ ಕಳಸೂದಿಲ್ಲ."

"ಹಂಗಾದ್ರ ಇಲ್ಲ ಅಂತ ಆತು."

"ಇಲ್ಲ ಅಂತನೂ ಬರಿಯಾಕ ಬರೂದಿಲ್ಲ. ರಿಪೋರ್ಟಿನ್ಯಾಗ ಕರಿಮಡು ಬಿಟ್ಟು ಬರದೇವಿ."

ಸಂಜೆಯೊಳಗೆ ಬಳಗ ದಾರಿ ಕಂಡುಕೊಂಡಿತ್ತು. ಮಡುವಿನ ಕುದುರೆ ಮೂಲದಲ್ಲಿ ಆಡಿನ ಜಾತಿಯದು, ವಿಜ್ಞಾನವೇ ಒಪ್ಪಿದೆ ಎಂದು ಸಾಗರ ಗುಂಪಿನಲ್ಲಿ ಹಾಕಿದ. ಲಕ್ಕಪ್ಪ, "ಅದಕ್ಕ ಗಡ್ಡ ಇತ್ತೇನೋ ದಸ್ತಗೀರ, ನೆನಪು ಮಾಡಿ ನೋಡು" ಎಂದು ಫೋನು ಮಾಡಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ವಾರದೊಳಗೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡ ಸುದ್ದಿ ಬಂದು ಗುಂಪು ಆ ಕಡೆ ಓಡಿತು.

ದಸ್ತಗೀರ ಗೋಕಾಕಿಗೆ ಹೋದ. ಆಡಿನ ಕತೆ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿ, ಖಾನಾವಳಿಯಲ್ಲಿ ಎಲ್ಲರನ್ನೂ ನಗಿಸಿಯಾಗಿತ್ತು. ಪದ್ಮವ್ವ ನಗಲಿಲ್ಲ. ಕೈಯ ಹಿಟ್ಟು ಉಜ್ಜಿಕೊಂಡು ಅವನ ಮುಖವನ್ನೇ ನೋಡಿದಳು.

"ಅವರು ಏನರ ಬರಕೊಳ್ಳಲಿ. ನೀ ಹೇಳು ದಸ್ತಗೀರಣ್ಣಾ. ನೀ ನೋಡಿದ್ದಿಯೋ ಇಲ್ಲೋ?"

ಅವನು ಬಾಯಿ ತೆರೆದ. ಇಷ್ಟು ವರ್ಷ ಎಷ್ಟು ಮಂದಿಗೆ ಹೇಳಿದ್ದನೋ ಅದೇ ಮಾತು ನಾಲಗೆಯ ಮೇಲೆ ಬಂತು: ಕುತ್ತಿಗೆ, ಕೂದಲು, ಬಿಳಿ ಕಣ್ಣು. ಇವಳಿಗೆ ಹೇಳುವ ಮುನ್ನ ಹಗ್ಗದಂತೆ ಒಮ್ಮೆ ಜಗ್ಗಿ ನೋಡೋಣವೆಂದು ನೆನಪಿನೊಳಗೆ ಕೈ ಹಾಕಿದ. ಕಣ್ಣು, ಬಳಗದವರು ಕೇಳಿದಾಗ ಸೇರಿಸಿದ್ದು. ಕೂದಲು ಪೊಲೀಸರ ಮುಂದೆ ಬಂದದ್ದು. ಕುತ್ತಿಗೆ? ನೀರು ಇತ್ತು, ಜಾರುವ ಸಿಂಬಿ ಇತ್ತು, ಗುಡ್ಡಪ್ಪನ ಕೈ ಇತ್ತು. ಕರ್ರಗೆ ಏನೋ ಎದ್ದಿತ್ತು. ಅದು ಮಗುಚಿದ ಹರಗೋಲಿನ ಹೊಟ್ಟೆ ಇದ್ದರೂ ಇರಬಹುದು.

"ಗೊತ್ತಿಲ್ಲ ಪದ್ಮವ್ವಾ" ಎಂದ.

"ಇಷ್ಟ ವರ್ಸ ಗೊತ್ತಿತ್ತಲ್ಲ."

"ಇತ್ತು."

ಅವಳು ಹಿಟ್ಟಿನ ಉಂಡೆ ತೆಗೆದುಕೊಂಡಳು. "ಹೋದ ವರ್ಸ ನಾ ಕೇಳಿದ್ದರ ಹೌದಂತಿದ್ದಿ?"

"ಅಂತಿದ್ದೆ."

"ಅಂದಿದ್ರ ನಾ ನಂಬತಿದ್ದೆ" ಎಂದಳು ಪದ್ಮವ್ವ, ಮತ್ತು ಬಡಿಯತೊಡಗಿದಳು.

ರೊಟ್ಟಿ ಒಯ್ಯಲು ಖಾನಾವಳಿಯವನು ಬುಟ್ಟಿ ಹಿಡಿದು ಬಂದ. ಬಾಗಿಲು ಸಣ್ಣದು. ದಸ್ತಗೀರ ಹೊರಗೆ ಸರಿದು ಅವನಿಗೆ ದಾರಿ ಬಿಟ್ಟ.