ಮನೆ ಸಾಲು, ಸಂತೆ ಸಾಲು

ಮೊನ್ನೆ ಚಿತ್ರದುರ್ಗದ ತರಕಾರಿ ಮಾರುಕಟ್ಟೆಯಲ್ಲಿ ಒಂದು ಬದನೆಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿದೆ. ನಗಬೇಡಿ. ಹಲಸಿನ ಹಣ್ಣು ಮೂಸಿ ಕೊಳ್ಳುವವರನ್ನು ನೀವು ನೋಡಿರುತ್ತೀರಿ, ಬದನೆಕಾಯಿ ಮೂಸುವವರನ್ನು ನೋಡಿರಲಿಕ್ಕಿಲ್ಲ. ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸೂ ನೋಡಿರಲಿಲ್ಲ. “ಅಕ್ಕಾ, ಅದೇನ್ ಮಲ್ಲಿಗೆ ಮೊಗ್ಗಾ ಮೂಸಾಕೆ?” ಅಂದಳು. ಪಕ್ಕದ ಸೊಪ್ಪಿನವಳು ಕಿಸಕ್ಕೆಂದಳು. ನಾನೂ ನಕ್ಕೆ, ಆದರೆ ಕಾಯಿ ಕೆಳಗಿಡಲಿಲ್ಲ. ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಒಂದು ತೂತಿಲ್ಲ, ಒಂದು ಕಲೆಯಿಲ್ಲ. ತೊಟ್ಟಿನ ಕೆಳಗೆ, ಹನಿ ನಿಂತು ಒಣಗುವ ಜಾಗದಲ್ಲಿ ಮಾತ್ರ ಬೆಳ್ಳನೆಯ ಒಂದು ಗೆರೆ. ಆ ಗೆರೆಯಿಂದ ಸೀಮೆಎಣ್ಣೆಯೂ ಅಲ್ಲದ, ಕೊಳೆತ ಬೆಳ್ಳುಳ್ಳಿಯೂ ಅಲ್ಲದ ಒಂದು ವಾಸನೆ.

ಆ ವಾಸನೆಯ ಪರಿಚಯ ನನಗೆ ಮದುವೆಯಾದ ಹೊಸತರಲ್ಲಿ ಆದದ್ದು. ಎಪ್ಪತ್ತರ ದಶಕದ ಮಾತು. ಅಂದಿನಿಂದ ಎಷ್ಟೋ ಸಂಗತಿ ಮರೆತಿದ್ದೇನೆ. ಒಲೆಯ ಮೇಲೆ ಹಾಲಿಟ್ಟದ್ದನ್ನು ಈಗಲೂ ಮರೆಯುತ್ತೇನೆ. ಆ ವಾಸನೆಯನ್ನು ಮಾತ್ರ ಮರೆತಿಲ್ಲ, ಅದರ ಜೊತೆಗೆ ಬರುವ ಸಿಟ್ಟನ್ನೂ ಮರೆತಿಲ್ಲ.

ನಾನು ಚಿಕ್ಕಜಾಜೂರಿನವಳು. ಅಪ್ಪ ರೈಲ್ವೆಯಲ್ಲಿದ್ದರು. ಯಾವ ಗಾಡಿ ಯಾವ ಹೊತ್ತಿಗೆ ಬರುತ್ತದೆ ಎಂದು ಕೂಗು ಕೇಳಿಯೇ ಹೇಳುತ್ತಿದ್ದೆ, ಬದನೆ ಗಿಡಕ್ಕೆ ಮುಳ್ಳಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಅಂಥವಳನ್ನು ಮಾಡದಕೆರೆ ಕಡೆಯ ಒಂದು ಊರಿಗೆ ಕೊಟ್ಟರು. ಕುರಿ ಕಟ್ಟಿಕೊಂಡು, ಬಾವಿಯ ನೀರಿನಲ್ಲಿ ತರಕಾರಿ ಬೆಳೆಯುತ್ತಿದ್ದ ಮನೆ. ಬೇಸಿಗೆಯ ರಾತ್ರಿಗಳಲ್ಲಿ ಹೊಲದಲ್ಲೇ ಕುರಿಮಂದೆ ತರುಬಿ ಮಲಗಿಸುವುದು, ಆ ಗೊಬ್ಬರದ ಮೇಲೆ ಬದನೆ ನೆಡುವುದು. ತೋಟವೆಲ್ಲ ನಮ್ಮತ್ತೆಯ ಕೈಯಲ್ಲಿ.

ಅತ್ತೆಯ ಬೆಳಗು ಶುರುವಾಗುತ್ತಿದ್ದದ್ದೇ ಬದನೆ ಸಾಲಿನಲ್ಲಿ. ಎಲೆಯ ಮೇಲೆ ಇಬ್ಬನಿ ಇರುವಾಗಲೇ ಒಲೆಯ ಬೂದಿಯನ್ನು ಜರಡಿ ಹಿಡಿದು ಉದುರಿಸುತ್ತಿದ್ದರು. ಆಮೇಲೆ ಕುಡಿ ನೋಡುವ ಕೆಲಸ. ಬದನೆಯ ಹುಳ ಮೊದಲು ಎಳೆ ಕುಡಿಯೊಳಗೆ ಹೊಗುತ್ತದೆ, ಕುಡಿ ಜೋತುಬೀಳುತ್ತದೆ. ಜೋತ ಕುಡಿ ಮುರಿದು ಮಡಿಲಿಗೆ ಹಾಕಿಕೊಂಡು, ಮನೆಗೆ ಬಂದು ಕೋಳಿಗಳ ಮುಂದೆ ಕೊಡವುತ್ತಿದ್ದರು. ಹುಳ ಕಾಯಿಗೆ ಇಳಿಯುವ ಮೊದಲೇ ಕೋಳಿಯ ಹೊಟ್ಟೆಗೆ.

ನನಗೂ ಹೇಳಿಕೊಟ್ಟರು: “ಬಾಡಿದ್ ಕುಡಿ ಕಂಡ್ರೆ ಮುರಿಯವ್ವ.” ಬೆಳಿಗ್ಗೆ ಏಳುವುದು ತಡವಾಯಿತು, ನಾನು ನಡು ಮಧ್ಯಾಹ್ನ ಹೋದೆ. ಆ ಬಿಸಿಲಿಗೆ ಇಡೀ ಸಾಲೇ ಜೋತುಬಿದ್ದಿತ್ತು. ಇದೇನು ಹುಳದ ಕಾಟವಪ್ಪಾ ಎಂದುಕೊಂಡು, ನಿಷ್ಠೆಯಿಂದ ಒಂದೊಂದೇ ಕುಡಿ ಮುರಿದು ಮಡಿಲು ತುಂಬಿಕೊಂಡು ಬಂದೆ. ಅತ್ತೆ ನೋಡಿದರು. ಬೈಯಲಿಲ್ಲ. “ಅಯ್ಯೋ ತಾಯಿ, ಬಿಸ್ಲಿಗೆ ನಾನೂ ಬಾಡೀನಿ. ನನ್ ಕತ್ತೂ ಮುರೀತೀಯೇನು?” ಅಂದರು. ಊರಿನ ಹೆಂಗಸರಿಗೆ ಆ ಮಾತು ಎಷ್ಟು ದಿನಕ್ಕಾಯಿತೆಂದರೆ, ನಾನು ಬಾವಿಗೆ ಬಂದರೆ ಕತ್ತು ಮುಚ್ಚಿಕೊಳ್ಳುತ್ತಿದ್ದರು.

ಇಷ್ಟು ಜೋಪಾನ ಮಾಡಿದರೂ ಪುಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ತೂತಿನ ಕಾಯಿ ಇರುತ್ತಿತ್ತು. ಹೊಸದುರ್ಗದ ಸಂತೆಯಲ್ಲಿ ಅದನ್ನು ಅತ್ತೆ ಮುಚ್ಚಿಡುತ್ತಿರಲಿಲ್ಲ. ಬಳೆ ಮಾರುವ ಜೈನಾಬಿ ಅವರ ಖಾಯಂ ಗಿರಾಕಿ. ಅವಳ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅನ್ನ ಸೇರದು, ಬದನೆಕಾಯಿಯೊಂದೇ ಸೇರುತ್ತಿದ್ದದ್ದು. “ನಿನ್ ಕಾಯೇ ಬೇಕಂತಾಳೆ ಅಕ್ಕ, ಬೇರೆಯೋರ್ದು ತಂದ್ರೆ ತಟ್ಟೆ ತಳ್ತಾಳೆ” ಎಂದು ಜೈನಾಬಿ ಪ್ರತಿ ಸಂತೆಗೂ ಸೆರಗು ಒಡ್ಡುತ್ತಿದ್ದಳು. ಅತ್ತೆ ಎಳೆಯವನ್ನು ಆರಿಸಿ ಹಾಕುತ್ತಿದ್ದರು. ಮೇಲೆ ಕೊಸರು ಎರಡು ಕಾಯಿ, “ಇದು ಹೊಟ್ಟ್ಯಾಗಿರೋ ಕೂಸಿಗೆ” ಎಂದು.

ಆ ವರ್ಷವೇ ಮಾವ ಬೆನ್ನಿಗೆ ಕಟ್ಟಿಕೊಳ್ಳುವ ಪಂಪು ತಂದದ್ದು. ಜೀಪಿನಲ್ಲಿ ಬಂದ ಯಾರೋ ಊರ ಕಟ್ಟೆಯ ಹತ್ತಿರ ನಿಂತು ಹೊಡೆದು ತೋರಿಸಿದ್ದರಂತೆ. ಮಾವ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಳ ಕಂಡು ಕಂಡು ರೋಸಿದ್ದರು. ಮೊದಲ ದಿನ ಹೊಡೆದಾಗ ಗಿಡದಿಂದ ಹುಳ ಪಟಪಟ ಉದುರಿದ್ದನ್ನು ಕಂಡು ಮಗುವಿನ ಹಾಗೆ ಕುಣಿದರು. ಮೊದಲು ಹೇಳಿದ ವಾಸನೆ ಆ ಪಂಪಿನ ನೀರಿನದೇ, ಎಲ್ಲರೂ ಅದಕ್ಕೆ ಔಷಧಿ ಎನ್ನುತ್ತಿದ್ದರು. ಈಗಲೂ ಹಾಗೇ ಎನ್ನುತ್ತಾರೆ. ಕೊಲ್ಲುವುದಕ್ಕೆ ಔಷಧಿ ಎಂಬ ಹೆಸರಿಟ್ಟವರು ಯಾರೋ, ಸಿಕ್ಕರೆ ಕೇಳಬೇಕು.

ಕಾಯಿ ಹೊಳೆಯತೊಡಗಿತು. ಸಂತೆಯಲ್ಲಿ ನಮ್ಮ ಪುಟ್ಟಿಯೇ ಮೊದಲು ಖಾಲಿಯಾಗುತ್ತಿತ್ತು. ಅತ್ತೆಗೂ ಹೆಮ್ಮೆಯೇ. ಮನೆಗೆ ಯಾವುದು, ಸಂತೆಗೆ ಯಾವುದು ಎಂಬ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ, ಏಕೆಂದರೆ ಪಂಪು ಬಂದ ಮೇಲೆ ಬದನೆ ಸಾಲು ನೋಡಿಕೊಳ್ಳುತ್ತಿದ್ದವರೂ ಮನೆಗೆ ಕಾಯಿ ಕಿತ್ತು ತಂದುಕೊಡುತ್ತಿದ್ದವರೂ ಮಾವನೇ.

ಒಂದು ದಿನ ಸಾರಿಗೆ ಕಾಯಿ ಬೇಕೆಂದು ನಾನೇ ಹೋದೆ. ನಡು ಸಾಲಿನಲ್ಲಿ ಚೆಲುವಾದ ಕಾಯಿ ಕಂಡು ಕೈ ಹಾಕಿದೆನಷ್ಟೆ, ಬಾವಿಯ ಹತ್ತಿರದಿಂದ ಮಾವ ಕೂಗಿದರು.

“ಏ ತಾಯಿ, ಅಲ್ ಬ್ಯಾಡ! ಬದುವಿನ್ ಕಡೆ ಸಾಲಿಂದು ಕೀಳು.”

“ಯಾಕ್ ಮಾವ? ಇಲ್ಲಿ ಚೆನ್ನಾಗವೆ.”

“ಅವು ಸಂತೆಗೆ. ನಿನ್ನೆ ಔಷಧಿ ಹೊಡ್ದೀನಿ. ಮನೀಗೆ ಅಂತ ಬದುವಿನ್ ಸಾಲು ಹಂಗೇ ಬಿಟ್ಟೀನಿ. ಕುರಿ ಬಂದ್ರೂ ಈ ಕಡೀಗ್ ಬಿಡಬ್ಯಾಡ, ಹುಷಾರು.”

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಮೇಲೆ ಎಷ್ಟು ಅಕ್ಕರೆ ಎಂದುಕೊಂಡೆ, ನೋಡಿ ನನ್ನ ಜಾಣತನ! ಅಡುಗೆಮನೆಗೆ ಬಂದು ಅದೇ ಮೆಚ್ಚುಗೆಯಲ್ಲಿ ಅತ್ತೆಗೆ ಹೇಳಿದೆ. ಮುದ್ದೆಗೆ ಹಿಟ್ಟು ಹಾಕುತ್ತಿದ್ದ ಅವರ ಕೈ ನಿಂತಿತು.

“ಕುರಿ ಬಿಡಬ್ಯಾಡ ಅಂದ್ರಾ?”

“ಹೂಂ ಅತ್ತೆ.”

“ಕುರೀಗೂ ಬ್ಯಾಡ ಅಂದ್ರಾ?”

ಇಷ್ಟು ವರ್ಷದ ಮೇಲೆ ಇದನ್ನು ಬರೆಯುವಾಗಲೂ ಅದೇ ಸಿಟ್ಟು. ಕುರಿಗೆ ಒಂದು ಲೆಕ್ಕ, ಸಂತೆಯವರಿಗೆ ಒಂದು ಲೆಕ್ಕ! ಕುರಿ ಸತ್ತರೆ ನಮ್ಮ ಕೊಟ್ಟಿಗೆಯಲ್ಲಿ ಸಾಯುತ್ತದೆ, ಕಣ್ಣಿಗೆ ಕಾಣುತ್ತದೆ. ಹೊಸದುರ್ಗದ ಯಾವುದೋ ಓಣಿಯಲ್ಲಿ ಯಾರಿಗೋ ಹೊಟ್ಟೆ ತೊಳಸಿದರೆ ನಮಗೆ ಹೇಗೆ ಕಾಣಬೇಕು? ಕಾಣದ್ದು ಇಲ್ಲ ಎಂದುಕೊಂಡರೆ ಮುಗಿಯಿತು. ಇದು ನಮ್ಮ ಮಾವ ಒಬ್ಬರೇ ಕಂಡುಕೊಂಡ ಉಪಾಯವಲ್ಲ. ಸುತ್ತಲ ಊರುಗಳಲ್ಲಿ ಪಂಪು ಬಂದ ಕಡೆಯೆಲ್ಲ ಬದುವಿನ ಸಾಲೂ ಬಂದಿತ್ತು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಎಲ್ಲರಿಗೂ ತಾನಾಗಿಯೇ ಹೊಳೆದಿತ್ತು. ಅದು ವಿಷವೆಂದು ಎಲ್ಲರಿಗೂ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಆ ಸಂಜೆ ಮಾವನಿಗೂ ಅತ್ತೆಗೂ ಮಾತಿಗೆ ಮಾತು ಬೆಳೆಯಿತು.

“ಎಲ್ರೂ ಮಾಡೋದೇ ಕಣೇ. ತೊಳ್ಕಂಡ್ ತಿಂತಾರೆ ಬಿಡು.”

“ಹಂಗಾದ್ರೆ ನಾವೂ ತೊಳ್ಕಂಡೇ ತಿನ್ನಾಣ. ಬದುವಿನ್ ಸಾಲು ಯಾಕೆ?”

“ನಿಂಗ್ ತಿಳಿಯಲ್ಲ, ಸುಮ್ಕಿರು.”

ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಹೆದರಬೇಕು ಎಂಬುದು ಆಗಿನ್ನೂ ನನಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಸಂತೆಗೆ ಹೊರಡಬೇಕಾದ ಪುಟ್ಟಿ ಪಡಸಾಲೆಯಲ್ಲಿತ್ತು. ಅತ್ತೆ ಅದರ ಮೇಲಿನಿಂದಲೇ ಒಂದು ಬೊಗಸೆ ಕಾಯಿ ತೆಗೆದು ನನ್ನ ಮುಂದಿಟ್ಟರು. “ಎಣ್ಣೆಗಾಯಿ ಮಾಡು. ಚೆನ್ನಾಗ್ ತೊಳಿ.” ನಾನು ಅವರ ಮುಖ ನೋಡಿದೆ. “ಮಾಡು ಅಂದೆ” ಅಂದರು. ಹುಚ್ಚೆಳ್ಳು ಹುರಿದು ಪುಡಿ ಮಾಡಿ ಕಾಯಿಗೆ ತುಂಬಿದೆ. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮರೆತು ಮತ್ತೆ ಹಾಕಿದೆ.

ಮಾವ, ನಮ್ಮ ಮನೆಯವರು ಊಟಕ್ಕೆ ಕೂತರು. ಮುದ್ದೆಯ ಪಕ್ಕಕ್ಕೆ ಅತ್ತೆ ತಾವೇ ಬಡಿಸಿದರು. ಮಾವ ತುತ್ತು ಮುರಿದು ಅದ್ದುವ ಹೊತ್ತಿಗೆ ಅತ್ತೆ ಅಂದರು, “ಸಂತೆ ಪುಟ್ಟೀದು ಇವತ್ತು.”

ಮಾವನ ಕೈ ಗಾಳಿಯಲ್ಲೇ ನಿಂತಿತು. “ತಮಾಷೆ ಮಾಡ್ತೀಯೇನೇ?”

“ತಮಾಷೆ ಯಾಕೆ? ತೊಳ್ದೈತೆ. ಸೊಸೆ ನನ್ನೆದುರಿಗೇ ತೊಳ್ದಾಳೆ. ತಿನ್ರಿ.”

“ಲೇ, ಮುಟ್ಟಬ್ಯಾಡ!” ಎಂದು ಮಾವ ಮಗನ ತಟ್ಟೆಯನ್ನು ಎಳೆದೇಬಿಟ್ಟರು. ಆಗ ಅತ್ತೆ ನಿಧಾನವಾಗಿ ಕುಕ್ಕರಗಾಲಲ್ಲಿ ಕೂತು, ಆ ತಟ್ಟೆಯಿಂದಲೇ ಒಂದು ಇಡೀ ಕಾಯಿ ಎತ್ತಿ ಬಾಯಿಗೆ ಹಾಕಿಕೊಂಡರು.

ಮಾವ ಎದ್ದ ರಭಸಕ್ಕೆ ಚೊಂಬು ಉರುಳಿತು. “ಉಗಿ! ಉಗಿಯೇ! ಸಾಯ್ತೀಯ, ಉಗಿ!” ಎಂದು ಹೆಂಡತಿಯ ಗಲ್ಲ ಹಿಡಿದು ಅಲುಗಾಡಿಸಿದರು. ಆ ದನಿ ನನಗೆ ಇನ್ನೂ ಕೇಳಿಸುತ್ತದೆ. ಅತ್ತೆ ಪೂರ್ತಿ ಅಗಿದು, ನುಂಗಿ, ಬಾಯಿ ಒರೆಸಿಕೊಂಡು ಕೇಳಿದರು:

“ಜೈನಾಬಿ ಮಗಳು ತಿನ್ನೋವಾಗ ಉಗಿ ಅನ್ನಾಕೆ ಯಾರ್ರಿ ಇದ್ರು?”

ಮಾವ ಬಗ್ಗಿ, ಉರುಳಿದ್ದ ಚೊಂಬನ್ನು ಎತ್ತಿ ನಿಲ್ಲಿಸಿದರು.

“ಕುಂತ್ಕಳ್ರಿ. ಬದುವಿನ್ ಸಾಲಿಂದೇ. ಬೆಳಿಗ್ಗೆ ನಾನೇ ಕಿತ್ತು ಪುಟ್ಟಿ ಮೇಲೆ ಇಟ್ಟಿದ್ದು. ಬೆಳ್ದೋರು ನೀವು, ತಟ್ಟ್ಯಾಗಿದ್ರೂ ನಿಮ್ಗೇ ತಿಳೀಲಿಲ್ಲ. ಕೊಂಡೋರಿಗೆ ಹೆಂಗ್ ತಿಳೀಬೇಕು?” ಆಮೇಲೆ ನನ್ನ ಕಡೆ ತಿರುಗಿ, “ಉಪ್ಪು ಹೆಚ್ಚಾಗೈತೆ” ಅಂದರು.

ಆ ಪುಟ್ಟಿ ಸಂತೆಗೆ ಹೋಗಲಿಲ್ಲ. ಬಾವಿಯಿಂದ ದೂರ ಗುಂಡಿ ತೋಡಿ, ನಡು ಸಾಲಿನ ಕಾಯಿಯನ್ನೆಲ್ಲ ಮಾವನೇ ಹೂಳಿದರು. ಅತ್ತೆ ಬರಿಗೈಯಲ್ಲಿ ಹೊಸದುರ್ಗಕ್ಕೆ ಹೋಗಿ ಜೈನಾಬಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಹೇಳದಿದ್ದರೆ ನಡೆಯುತ್ತಿತ್ತು, ಮಗಳು ಚೆನ್ನಾಗಿಯೇ ಇದ್ದಳು. ಜೈನಾಬಿ ಬಳೆ ಜೋಡಿಸುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. “ನಿನ್ನ ಅಕ್ಕ ಅಂದಿದ್ದೆ” ಎಂದಳಂತೆ, ಅಷ್ಟೆ. ಆಮೇಲೆ ಎಷ್ಟೋ ಸಂತೆ ಅವಳು ನಮ್ಮ ಪುಟ್ಟಿಯ ಕಡೆ ಸುಳಿಯಲಿಲ್ಲ.

ಪಂಪು ಮಾತ್ರ ಮೂಲೆ ಸೇರಲಿಲ್ಲ. ಮಾವನಿಗೆ ಅದರ ಮೋಹ ಬಿಡದು. ಬೂದಿ ಹಾಕಿ ಉಜ್ಜಿ ಉಜ್ಜಿ ತೊಳೆದು, ಬೇವಿನ ಬೀಜ ಕುಟ್ಟಿ ನೆನೆಸಿದ ನೀರು ತುಂಬಿದರು. ಪಂಪಿನ ಬಾಯಿ ಕಟ್ಟಿಕೊಂಡಿತು. ಅತ್ತೆಯ ಹಳೆ ಸೀರೆಯಲ್ಲಿ ಸೋಸಿದರು. ನೀರು ಬಂತು, ಆದರೆ ನುಣ್ಣನೆಯ ಕಾಯಿಯ ಮೇಲೆ ನಿಲ್ಲದೆ ಜಾರಿಹೋಯಿತು. ಒಂದು ದಿನ ಅತ್ತೆ ಅಂಟುವಾಳಕಾಯಿ ನೊರೆಯಲ್ಲಿ ತಲೆ ತೊಳೆಯುತ್ತಿದ್ದರೆ ಮಾವ ಕಣ್ಣು ಕೀಲಿಸಿ ನಿಂತಿದ್ದರು. “ಏನ್ರಿ ಈ ವಯಸ್ನಾಗೆ?” ಎಂದು ಅತ್ತೆ ಗದರಿದರೆ, ಇವರು ನೊರೆಯ ಚೊಂಬು ಕಿತ್ತುಕೊಂಡು ತೋಟಕ್ಕೆ ಓಡಿದರು. ಅಂಟುವಾಳದ ನೊರೆ ಬೆರೆಸಿದ ಮೇಲೆ ಬೇವಿನ ನೀರು ಎಲೆಗೆ ಅಂಟಿತು. ಅತ್ತೆ ಅರ್ಧ ತೊಳೆದ ತಲೆಯಲ್ಲಿ ಕೂತು ಬೈಯುತ್ತಿದ್ದರು.

ಹುಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಗಿರಾಕಿಗಳು ಮಾತ್ರ ಹೋದರು. ಹೊಳೆಯುವ ಕಾಯಿಯ ರುಚಿ ನೋಡಿದವರು “ಏನಮ್ಮ, ಹುಳಕು ತಂದಿದೀಯ” ಎಂದು ಮೂಗು ಮುರಿದು ಪಕ್ಕದ ಗುಡ್ಡೆಗೆ ಹೋದರು. ಆ ಗುಡ್ಡೆಯವನ ಬದುವಿನ ಸಾಲು ನಮಗೆ ಗೊತ್ತಿತ್ತು. ಅತ್ತೆ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದರು. ಅಂಥ ಒಂದು ಸಂಜೆ, ನಾನೂ ಜೊತೆಗಿದ್ದೆ, ಜೈನಾಬಿ ಎಳೆ ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಪುಟ್ಟಿಯ ಮುಂದೆ ನಿಂತಳು.

“ಹುಳ ಐತಾ?”

“ಐತೆ” ಅಂದರು ಅತ್ತೆ.

“ಹಂಗಾದ್ರೆ ಕೊಡು.”

ಮೊನ್ನೆ ಮಾರುಕಟ್ಟೆಯಲ್ಲಿ ಕಾಯಿ ಹಿಡಿದು ನಿಂತಾಗ ಇದೆಲ್ಲ ತಲೆಯಲ್ಲಿ ಹಾದುಹೋಯಿತು. ಕೇಳಿಯೇಬಿಟ್ಟೆ: “ನಿಮ್ಮನೇಲಿ ಇವತ್ತು ಈ ಗುಡ್ಡೆಯದೇ ಏನಮ್ಮ ಸಾರು?”

ಅವಳ ನಗು ನಿಂತಿತು. “ಮನೀಗೆ ಬ್ಯಾರೆ ಸಾಲೈತಕ್ಕ” ಅಂದಳು, ತಕ್ಕಡಿ ನೋಡುತ್ತಾ.

ಅಷ್ಟು ವರ್ಷದ ಸಿಟ್ಟು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅವಳೇ ತಲೆ ಎತ್ತಿದಳು. “ಅದ್ರಾಗೆ ಹುಳ ಇರ್ತಾವೆ. ಇಲ್ಲಿಗೆ ತಂದ್ರೆ ನೀವೇ ಹೊರಳ್ಸಿ ಹೊರಳ್ಸಿ ಬಿಸಾಕಿ ಹೋಗ್ತೀರಿ. ಒಂದಿನ ತಂದಿದ್ದೆ, ಎಲ್ಲಾ ವಾಪಸ್ ಹೊತ್ಕಂಡ್ ಹೋದೆ.” ನನ್ನ ಚೀಲ ನೋಡಿಕೊಂಡೆ. ಆಗಲೇ ಕೊಂಡಿದ್ದ ಬೆಂಡೆಕಾಯಿ, ಟೊಮೇಟೊ ಎಲ್ಲವನ್ನೂ ಕಲೆಯಿಲ್ಲದ್ದು, ತೂತಿಲ್ಲದ್ದು ಎಂದು ನಾನೇ ಆರಿಸಿ ಹಾಕಿಸಿಕೊಂಡಿದ್ದೆ. ಸಿಟ್ಟು ಕಡಿಮೆಯಾಗಲಿಲ್ಲ. ಅರ್ಧ ಅವಳ ಮುಂದಿದ್ದ ಗುಡ್ಡೆಯ ಮೇಲೆ, ಅರ್ಧ ನನ್ನ ಚೀಲದ ಮೇಲೆ ಹಂಚಿಹೋಯಿತು.

“ನಾಳೆ ಆ ಸಾಲಿಂದು ತಾರಮ್ಮ. ಬಂದು ತಗೊಂಡು ಹೋಗ್ತೀನಿ” ಅಂದೆ.

“ಹುಳ ಐತೆ ಅಂತ ಆಮೇಲ್ ಬೈಯಂಗಿಲ್ಲ ಮತ್ತೆ.”

ಮಾರನೆಯ ದಿನ ತಂದಿದ್ದಳು, ಬೇರೆ ಚೀಲದಲ್ಲಿ. ಮಂಕು ಬಣ್ಣದ, ಸೊಟ್ಟ ಸೊಟ್ಟ ಕಾಯಿ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಸೊಸೆ ಈಳಿಗೆಮಣೆಯ ಮುಂದೆ ಕೂತು ಮೊದಲ ಕಾಯಿ ಸೀಳಿದವಳೇ ಕೈ ಹಿಂದಕ್ಕೆಳೆದುಕೊಂಡಳು.

“ಅಯ್ಯೋ ಅತ್ತೆ, ಹುಳ!”

“ಬದುಕಿದೆಯಾ?”

ಬಗ್ಗಿ ನೋಡಿದಳು. “ಹರಿದಾಡ್ತಿದೆ.”

“ಹಂಗಾದ್ರೆ ಆ ತುಂಡು ಕೊಯ್ದು ಆಚೆಗಿಟ್ಟು, ಮಿಕ್ಕಿದ್ದು ಹೆಚ್ಚಮ್ಮ” ಅಂದೆ. ಬಾಣಲೆ ಒಲೆಯ ಮೇಲಿಟ್ಟು, ಎಣ್ಣೆಗಾಯಿಗೆ ಹುಚ್ಚೆಳ್ಳು ಹುರಿಯಲು ಹಾಕಿದೆ.