ಆರಿದ ಮಾನಿಟರಿನ್ಯಾಗ ಕಂಡ ಕಣ್ಸನ್ನಿ

ಆದೋನಿ ಅಂಗಡ್ಯಾಗ ಆವತ್ತು ಬಂದ ಸಿಟ್ಟು ನನಗ ಇನ್ನೂ ಇಳಿದಿಲ್ಲ. ಮೊಮ್ಮಗಳು ಪದ್ಮಾಗ ಅಗಲಾದ, ಬಿಲ್ಲಿನಂಗ ಬಾಗಿದ ಮಾನಿಟರ್ ಬೇಕಾಗಿತ್ತು. ಹಗಲೆಲ್ಲ ಮನ್ಯಾಗ ಕುಂತು ಕಂಪನಿ ಕೆಲಸ ಮಾಡ್ತಾಳ, ಸಂಜೀಗೆ ಕಾರ್ ಓಡಿಸೋ ಆಟ ಆಡ್ತಾಳ. ಸಣ್ಣ ಲ್ಯಾಪ್‌ಟಾಪಿಗೆ ಬಗ್ಗಿ ಬಗ್ಗಿ ಆಕಿ ಕುತ್ತಿಗಿ ಹಿಡಕೊಂಡಿತ್ತು. ಕೌತಾಳದಿಂದ ಆಕಿ, ಆಕಿ ಗಂಡ, ನಾನು ಬಸ್ಸಿಗೆ ಬಂದ್ವಿ.

"ಎರಡು ಕೆಲಸ ಬಾಜೂಬಾಜೂ ತೆರದಿಡಬೇಕು, ಆಟದಾಗ ಚಿತ್ರ ತಡವರಸಬಾರದು" ಅಂತ ಪದ್ಮಾ ಕೇಳಿದರ, ಅಂಗಡಿಯಾತ ಆಕಿ ಗಂಡನ ಮಕ ನೋಡಿ, "ಅಣ್ಣಾ, ಲೇಡೀಸಿಗೆ ಚಪ್ಪಟೀದ ಸಾಕು" ಅಂದ. ಕೇಳಿದಾಕಿ ಈಕಿ, ಉತ್ತರ ಅವಗ!

ಬಾಗಿದ ಮಾನಿಟರಿನ ಮುಂದ ನಾನು ಕುರ್ಚಿ ಹಾಕ್ಕೊಂಡು ಕುಂತಿದ್ದೆ. ಅದನ್ನ ಇನ್ನೂ ಹಚ್ಚಿದ್ದಿಲ್ಲ, ಕರೇ ಗಾಜಿನ್ಯಾಗ ನನ್ನ ಬೆನ್ನ ಹಿಂದಿನ ಅಂಗಡೆಲ್ಲ ಕಾಣತಿತ್ತು. ಪದ್ಮಾನ ಗಂಡ ಮಹಾರಾಯ ಅಂಗಡಿಯಾತಗ ಕಣ್ಣು ಹೊಡದು, ಬ್ಯಾಡಂತ ಕೈ ಅಲ್ಲಾಡಿಸಿದ. ಮರುಗಳಿಗಿಗೇ ಅಂಗಡಿಯಾತ ಪದ್ಮಾಗ, "ಅಮ್ಮಾ, ಈ ಬಾಗಿದ್ದು ಮಾರಿ ಹೋಗೇತಿ" ಅಂದ.

"ಯಾವಾಗ ಮಾರಿತೋ? ಇವ ಕಣ್ಣು ಹೊಡದಾಗೇನು?" ಅಂತ ಒದರಿದೆ. ಅಂಗಡಿ ಮಂದೆಲ್ಲ ತಿರುಗಿದರು. ಪದ್ಮಾ ಗಂಡನ ಕಡೆ ನೋಡಿದ ನೋಟ ನೋಡಬೇಕಿತ್ತು ನೀವು!

ಅವ ತಡವರಿಸಿಕೋತ, "ಅಜ್ಜೀ, ಅಷ್ಟಗಲದ್ದು ಇಟ್ಟುಕೊಂಡು ಹೆಂಡ್ತಿ ಆಟ ಆಡಿದರ ಓಣಿ ಮಂದಿ ಏನಂತಾರ?" ಅಂದ.

"ಓಣಿ ಮಂದಿ ಏನನ್ನಬೇಕಂತ ಹೇಳಿಕೊಡಾಕಿನ ನಾನು, ಮುಚ್ಚು ಬಾಯಿ!"

ಪದ್ಮಾ ಬಾಗಿದ್ದನ್ನ ಕಟ್ಟಿಸಿದಳು. ಆ ದೊಡ್ಡ ಡಬ್ಬಿ ತೊಡಿ ಮ್ಯಾಲೆ ಇಟ್ಟುಕೊಂಡು ಬಂದಾವ ಅವನೇ. ಊರು ಮುಟ್ಟೋದರಾಗ ಬಸ್ಸಿನ ಮಂದಿಗೆಲ್ಲ ವಿಷಯ ಗೊತ್ತಾಗಿತ್ತು. ನಾನೇನು, ಕೇಳಿದವರಿಗಷ್ಟ ಹೇಳಿದೆ.