ಬಂದ್ ಐತಿ, ಬಂದೈತಿ

ಮೂರು ವರ್ಷದ ಹಿಂದಿನ ಮಾತು. ವಿಮಾನ ನಿರ್ವಹಣಾ ಎಂಜಿನಿಯರ್ ಕೆಲಸದಿಂದ ನಿವೃತ್ತನಾಗಿ, ಬೆಳಗಾವಿ ಹತ್ತಿರದ ಕಾಕತಿಯ ಮನೆಯಲ್ಲಿ ಅಂಗಾಲು ಸುಟ್ಟ ಬೆಕ್ಕಿನಂತೆ ಓಡಾಡಿಕೊಂಡಿದ್ದೆ. ಆಗ ಊರ ಹೊರಗಿನ ಸಣ್ಣ ಏರ್‌ಫೀಲ್ಡೊಂದರಲ್ಲಿ ಹಳೆಯ ವಿಮಾನಗಳ ಒಂದು ದಿನದ ಪ್ರದರ್ಶನ ಏರ್ಪಾಡಾಯಿತು. ನೆಲದ ಮೇಲಿನ ಸುರಕ್ಷತೆಯ ಹೊಣೆ ನನ್ನದು.

ಬೆಳಿಗ್ಗೆ ಎಂಟಕ್ಕೇ ಜನ ನೆರೆದರು. ಖಾನಾಪುರ, ಬೀಡಿ ಊರುಗಳಿಂದ ಟೆಂಪೋ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು ಬಂದವರೂ ಇದ್ದರು. ಅವರು ಆರಾಮಾಗಿ ಫೋಟೊ ತೆಗೆದುಕೊಳ್ಳುತ್ತಿದ್ದರೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಗ್ಗ ದಾಟಿದವರನ್ನು ಗದರುತ್ತ ಅತ್ತಿಂದಿತ್ತ ಸುತ್ತುತ್ತಿದ್ದೆ.

ಎಲ್ಲರ ಕಣ್ಣು ಇದ್ದದ್ದು ಒಂದರ ಮೇಲೊಂದು ರೆಕ್ಕೆಯಿರುವ ಹಳೆಯ ತರಬೇತಿ ವಿಮಾನದ ಮೇಲೆ. ಅದಕ್ಕೆ ಸ್ಟಾರ್ಟರ್ ಇಲ್ಲ. ಸ್ವಿಚ್ ಆಫ್ ಇಟ್ಟು, ಪ್ರೊಪೆಲ್ಲರನ್ನು ಕೈಯಿಂದಲೇ ನಾಲ್ಕು ಸುತ್ತು ತಿರುಗಿಸಿ ಪೆಟ್ರೋಲ್ ಎಳೆಸಬೇಕು. ಆಮೇಲೆ ಸ್ವಿಚ್ ಆನ್ ಮಾಡಿ ಒಂದೇ ಎಳೆತ. ಕಿಡಿ ಕೊಡುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಸ್ವಿಚ್ ಆನ್ ಇದ್ದಾಗ ಬ್ಲೇಡ್ ತುಸು ಅಲುಗಿದರೂ ಎಂಜಿನ್ ತಟ್ಟನೆ ಶುರುವಾಗಬಹುದು, ತಿರುಗಿಸುವವನ ಕೈ ಹೋಗಬಹುದು. ಅದಕ್ಕೇ ಪ್ರತಿ ಹೆಜ್ಜೆಗೂ ಕೂಗಿ ಕೇಳುವುದು, ಕೂಗಿ ಉತ್ತರಿಸುವುದು ಪದ್ಧತಿ.

ತಿರುಗಿಸುವವನು ದಸ್ತಗೀರ್. ಇಪ್ಪತ್ತು ವರ್ಷ ನನ್ನ ಕೈಕೆಳಗೆ ಫಿಟ್ಟರ್ ಆಗಿದ್ದ; ಈಗ ಆಟೋ ನಗರದಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಕಾಕ್‌ಪಿಟ್‌ನಲ್ಲಿ ಖಾನಾಪುರದ ನಿವೃತ್ತ ಪೈಲಟ್ ಪಾಟೀಲರು. ಅವತ್ತು ನಾನು ಅತಿ ಜಾಣನಾದೆ.

"ಜನಕ್ಕ ತಿಳೀಲಿ, ಇವತ್ತ ಇಂಗ್ಲಿಷ್ ಬ್ಯಾಡ್ರಿ. ಆಫ್ ಇದ್ರ 'ಬಂದ್ ಐತಿ', ಆನ್ ಇದ್ರ 'ಚಾಲೂ ಐತಿ' ಅನ್ರಿ" ಎಂದೆ. ನಮ್ಮಲ್ಲಿ ಅಂಗಡಿಯೂ ಬಂದ್, ಫ್ಯಾನೂ ಬಂದ್, ಸ್ವಿಚ್ಚಿಗೇನು ಕೇಡು? ಮೈಕಿನಲ್ಲೂ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡೆ.

ಮೊದಲ ಎಳೆತಕ್ಕೆ ಎಂಜಿನ್ ಕೆಮ್ಮಿ ನಿಂತಿತು. ದಸ್ತಗೀರ್ ಸ್ವಿಚ್ ಆಫ್ ಮಾಡಿಸಿ ಮೊದಲಿನಿಂದ ಶುರು ಮಾಡಲು ನೋಡಿದ. ಪಾಟೀಲರು ಇನ್ನೊಂದು ಎಳೆತ ಎಂದುಕೊಂಡು ಸ್ವಿಚ್ ಆನ್ ಇಟ್ಟೇ ಕೂತಿದ್ದರು.

"ಬಂದ್ ಐತೇನ್ರೀ?" ದಸ್ತಗೀರ್ ಕೂಗಿದ.

ಸ್ಪೀಕರಿನ ಗದ್ದಲದಲ್ಲಿ ಪಾಟೀಲರಿಗೆ ಅದು "ಬಂದೈತೇನ್ರೀ?" ಎಂದು ಕೇಳಿಸಿತು. ಕರೆಂಟ್ ಬಂದೈತೇನು ಎಂದು ದಿನಾ ವಿಚಾರಿಸುವ ಸೀಮೆ ನಮ್ಮದು. ಸ್ವಿಚ್ ಆನ್ ಇದೆ ಎಂಬರ್ಥದಲ್ಲಿ ಅವರು, "ಹೌದ್ರೀ, ಬಂದೈತಿ!" ಎಂದರು. ದಸ್ತಗೀರ್ ನಿಶ್ಚಿಂತೆಯಿಂದ ಬ್ಲೇಡಿಗೆ ಕೈ ಹಾಕಿದ.

ನಾನು ಸುತ್ತುತ್ತ ಆಗಷ್ಟೇ ಕಾಕ್‌ಪಿಟ್ ಪಕ್ಕಕ್ಕೆ ಬಂದಿದ್ದೆ. ಸ್ವಿಚ್ ಇರುವುದು ಕಾಕ್‌ಪಿಟ್‌ನ ಹೊರಮೈಯಲ್ಲಿ. ಅದರ ಕಡ್ಡಿ ಮೇಲಿದ್ದರೆ ಆನ್. ಕಡ್ಡಿ ಮೇಲಿತ್ತು.

"ದಸ್ತಗೀರಾ, ಕೈ ತಗೀ!"

ಅವನು ಹಿಂದಕ್ಕೆ ಜಿಗಿದ. ಅಷ್ಟರಲ್ಲಿ ಅಲುಗಿದ್ದ ಬ್ಲೇಡ್, ಎಂಜಿನ್ ಒಮ್ಮೆ ಢಬ್ ಎಂದದ್ದಕ್ಕೆ, ಅವನ ಮೊಣಕೈ ಇದ್ದ ಜಾಗವನ್ನು ಸವರಿಕೊಂಡು ಹೋಯಿತು. ಜನ ಇದೂ ಆಟದ ಭಾಗವೆಂದು ಚಪ್ಪಾಳೆ ತಟ್ಟಿದರು.

ಪಾಟೀಲರು ಬಿಳಿಚಿಕೊಂಡು ಸ್ವಿಚ್ ಇಳಿಸಿದರು. "ನಾ ಬಂದೈತಿ ಅಂದ್ನಿ. ಬಂದ್ ಅನ್ಲಿಲ್ಲ."

"ನನಗ ಎರಡೂ ಒಂದ ಕೇಳಸ್ತಾವ್ರಿ" ಎಂದ ದಸ್ತಗೀರ್.

ನನಗೆ ಹೆದರಿಕೆಗಿಂತ ನಾಚಿಕೆ ದೊಡ್ಡದಾಗಿತ್ತು. ತಪ್ಪು ಅವರಿಬ್ಬರದಲ್ಲ, ಒಮ್ಮೆಯೂ ಕೂಗಿ ಪರೀಕ್ಷಿಸದೆ ಪದ ಬದಲಿಸಿದವನು ನಾನು. "ಸಾಕು, ಇವತ್ತಿಗೆ ಬಿಡೂಣು" ಎಂದೆ.

"ಯಾಕ್ರಿ? ಜನ ಹಾದಿ ಕಾಯಾಕತ್ತಾರ" ಎಂದ ದಸ್ತಗೀರ್. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರ ಈ ಸಲ ಕೈ ನಿಮ್ದಿರ್ಲಿ, ಸಾಹೇಬ್ರ. ಕೂಗೂದು ನಾ ಕೂಗ್ತೀನಿ. ಏನಂತ ಕೂಗ್ಲಿ, ಹೇಳ್ರಿ."

"ಸ್ವಿಚ್ ಆಫ್" ಎಂದೆ, ತಲೆ ತಗ್ಗಿಸಿ.

ನೌಕರಿಯಲ್ಲಿ ಇಂಥ ಪ್ರೊಪೆಲ್ಲರನ್ನು ನೂರಾರು ಸಲ ತಿರುಗಿಸಿದ್ದೆ. ಅವತ್ತು ಮಾತ್ರ ಕಡ್ಡಿಯನ್ನು ಮೂರು ಸಲ ಹೋಗಿ ನೋಡಿ ಬಂದು ಕೈ ಇಟ್ಟೆ. ಎಂಜಿನ್ ಶುರುವಾಯಿತು, ವಿಮಾನ ಹಾರಿತು, ಜನ ಕುಣಿದರು.

ನಿಯಮ ಬದಲಿಸುವ ಅಧಿಕಾರ ನನಗಿತ್ತು. ಬ್ಲೇಡಿನ ಮೇಲಿನ ಕೈ ಮಾತ್ರ ಇನ್ನೊಬ್ಬನದಾಗಿತ್ತು. ನಿಯಮ ಮಾಡುವವನು ಮೊದಲು ತನ್ನ ಕೈಯನ್ನು ಅಲ್ಲಿಟ್ಟು ನೋಡಬೇಕು. ಇಷ್ಟು ವರ್ಷದ ನೌಕರಿಯಲ್ಲಿ ಕಲಿಯದ ಈ ಪಾಠವನ್ನು ನಾನು ನಿವೃತ್ತನಾದ ಮೇಲೆ ನನ್ನ ಫಿಟ್ಟರ್ ಕಲಿಸಿದ.